ಅರ್ಧ ಅಂಗೈಯಲ್ಲಿ, ಅರ್ಧ ಆಕಾಶದಲ್ಲಿ: ಡೊಂಬಿವಲಿಯ ತಾರಸಿಯಿಂದ ಟೆಕ್‌ಸನ್ ಪಿಎಲ್-330

ಟೆಕ್‌ಸನ್ ಪಿಎಲ್-330 ಎಂಬ ಪುಟ್ಟ ರೇಡಿಯೊವನ್ನು ಕೊಂಡು ಹತ್ತು ತಿಂಗಳಾದವು. ಈ ಅವಧಿಯಲ್ಲಿ ಅದನ್ನು ಮುಟ್ಟದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಆದರೆ ಶಾರ್ಟ್‌ವೇವ್, ಅಂದರೆ ದೂರದೇಶದ ಕೇಂದ್ರಗಳನ್ನು ಹೊತ್ತು ತರುವ ಹ್ರಸ್ವ ತರಂಗ, ಇರುವ ರೇಡಿಯೊ ಕೊಂಡ ನನ್ನ ಪರಿಚಯದ ಮೂವರು, ‘ಗೊರಗೊರ ಸದ್ದಲ್ಲದೆ ಬೇರೇನೂ ಸಿಗುವುದಿಲ್ಲ’ ಎಂದು ಒಂದೇ ವಾರದಲ್ಲಿ ಅದನ್ನು ಕಪಾಟಿಗೆ ಸೇರಿಸಿದ್ದಾರೆ. ಅವರ ರೇಡಿಯೊಗಳನ್ನು ನಾನೇ ತೆಗೆದುಕೊಂಡು ಹೋಗಿ ನಮ್ಮ ತಾರಸಿಯ ಮೇಲೆ ಕೇಳಿ ನೋಡಿದ್ದೇನೆ, ಯಾವುದರಲ್ಲೂ ದೋಷವಿರಲಿಲ್ಲ. ಶಾರ್ಟ್‌ವೇವ್ ರೇಡಿಯೊದಲ್ಲಿ ಅಂಗಡಿಯವರು ನಮಗೆ ಕೊಡುವುದು ಅರ್ಧ ಭಾಗವನ್ನು ಮಾತ್ರ. ಇನ್ನರ್ಧ ನಮ್ಮ ತಲೆಯ ಮೇಲೆ ನೂರರಿಂದ ನಾನೂರು ಕಿಲೊಮೀಟರ್ ಎತ್ತರದಲ್ಲಿ ಇದೆ, ಮತ್ತು ಅದು ಗಂಟೆಗಂಟೆಗೂ ಬದಲಾಗುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ರೇಡಿಯೊ ಎಷ್ಟು ಇದೆಯೋ ಆಕಾಶವೂ ಅಷ್ಟೇ ಇದೆ.

ಮೊದಲು ಕೈಯಲ್ಲಿರುವ ಅರ್ಧದ ಬಗ್ಗೆ. ಉದ್ದ ಹದಿನಾಲ್ಕು ಸೆಂಟಿಮೀಟರ್, ಅಗಲ ಎಂಟೂವರೆ, ದಪ್ಪ ಎರಡೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು. ಅಂಗಿಯ ಜೇಬಿಗೆ ದೊಡ್ಡದಾಯಿತು, ಜೋಳಿಗೆಗೆ ಹಗುರ. ಮೀಡಿಯಂ ವೇವ್, ಲಾಂಗ್ ವೇವ್, ಎಫ್‌ಎಂಗಳ ಜೊತೆಗೆ ಶಾರ್ಟ್‌ವೇವ್‌ನಲ್ಲಿ 1711 ಕಿಲೊಹರ್ಟ್ಸ್‌ನಿಂದ 29999 ಕಿಲೊಹರ್ಟ್ಸ್‌ವರೆಗೆ ನಡುವೆ ಎಲ್ಲಿಯೂ ಬಿಡದೆ ಹಿಡಿಯುತ್ತದೆ. ಬೇಕಾದ ಕಂಪನಾಂಕವನ್ನು ಅಂಕಿಗಳ ಗುಂಡಿ ಒತ್ತಿ ನೇರವಾಗಿ ಕೊಡಬಹುದು, ಪಕ್ಕದ ಚಕ್ರ ತಿರುಗಿಸಿ ನಿಧಾನವಾಗಿ ಹುಡುಕಲೂಬಹುದು. ಬ್ಯಾಟರಿ ಹಳೆಯ ನೋಕಿಯಾ ಫೋನುಗಳಲ್ಲಿದ್ದ ಬಿಎಲ್-5ಸಿ ಮಾದರಿಯದು. ರಸ್ತೆ ಬದಿಯ ಮೊಬೈಲ್ ಅಂಗಡಿಯಲ್ಲೂ ಸಿಗುವ ಈ ಬ್ಯಾಟರಿಯನ್ನು ಆರಿಸಿಕೊಂಡದ್ದು ತಯಾರಕರ ಜಾಣತನ. ಚಾರ್ಜ್ ಮಾಡುವ ಕಿಂಡಿ ಮಾತ್ರ ಹಳೆಯ ಮೈಕ್ರೊ ಯುಎಸ್‌ಬಿ, ಆದ್ದರಿಂದ ಇಂದಿನ ಫೋನಿನ ಕೇಬಲ್ ಇದಕ್ಕೆ ಹೊಂದುವುದಿಲ್ಲ. ಸ್ಪೀಕರ್ ಗಾತ್ರಕ್ಕೆ ತಕ್ಕಂತಿದೆ: ಮಾತಿಗೆ ಸ್ಪಷ್ಟ, ಸಂಗೀತಕ್ಕೆ ತೆಳು. ಲ್ಯಾಮಿಂಗ್ಟನ್ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ನಾನು ಕೊಟ್ಟ ಬೆಲೆ ಹತ್ತು ಸಾವಿರಕ್ಕೆ ತುಸು ಕಡಿಮೆ. ಪೆಟ್ಟಿಗೆಯ ಬಗ್ಗೆ ಇಷ್ಟು ಸಾಕು.

ಇನ್ನು ಆಕಾಶದ ಅರ್ಧ. ರೇಡಿಯೊ ತರಂಗಗಳು ಬೆಳಕಿನಂತೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಗುಂಡಗಿದೆ. ಹಾಗಾದರೆ ಐದು ಸಾವಿರ ಕಿಲೊಮೀಟರ್ ಆಚೆಯ ರೊಮೇನಿಯಾದ ಬುಕಾರೆಸ್ಟಿನ ದನಿ ಮುಂಬಯಿ ಬಳಿಯ ನಮ್ಮ ಡೊಂಬಿವಲಿಗೆ ಬರುವುದು ಹೇಗೆ? ಬೇಸಿಗೆಯ ಮಧ್ಯಾಹ್ನ ಹೆದ್ದಾರಿಯಲ್ಲಿ ಹೋಗುವಾಗ ದೂರದಲ್ಲಿ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆಯನ್ನು ನೆನಪಿಸಿಕೊಳ್ಳಿ. ಕಾದ ರಸ್ತೆಗೆ ತಾಗಿದ ಗಾಳಿಯ ಪದರ ಮೇಲಿನ ಗಾಳಿಗಿಂತ ತೆಳುವಾಗಿರುವುದರಿಂದ, ಆಕಾಶದಿಂದ ಓರೆಯಾಗಿ ಇಳಿದ ಬೆಳಕು ಅಲ್ಲಿ ಮೆಲ್ಲಮೆಲ್ಲನೆ ಬಾಗಿ ಮತ್ತೆ ಮೇಲೆದ್ದು ನಮ್ಮ ಕಣ್ಣಿಗೆ ಬೀಳುತ್ತದೆ. ಇದನ್ನೇ ತಲೆಕೆಳಗು ಮಾಡಿದರೆ ಶಾರ್ಟ್‌ವೇವ್‌ನ ಗುಟ್ಟು ಸಿಕ್ಕಿತು. ಸೂರ್ಯನ ಅತಿನೇರಳೆ ಮತ್ತು ಕ್ಷ-ಕಿರಣಗಳು ಮೇಲಿನ ವಾಯುಮಂಡಲದ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಬಿಡಿಯಾಗಿ ಹರಡುತ್ತವೆ. ಈ ಭಾಗವೇ ಅಯಾನುಗೋಳ. ಮೇಲೆ ಹೋದಂತೆ ಎಲೆಕ್ಟ್ರಾನುಗಳ ಸಾಂದ್ರತೆ ಹೆಚ್ಚುವುದರಿಂದ, ಓರೆಯಾಗಿ ಏರಿದ ರೇಡಿಯೊ ತರಂಗ ಅಲ್ಲಿ ಹಂತಹಂತವಾಗಿ ಬಾಗುತ್ತಾ, ಕೊನೆಗೆ ನೆಲದ ಕಡೆಗೆ ಮುಖ ಮಾಡುತ್ತದೆ. ನಾವು ಅನುಕೂಲಕ್ಕೆ ‘ಪ್ರತಿಫಲನ’ ಎನ್ನುತ್ತೇವೆ. ಅಲ್ಲಿ ನಡೆಯುವುದು ಈ ಬಾಗುವಿಕೆ.

ಎಷ್ಟು ಬಾಗುತ್ತದೆ ಎಂಬುದು ಕಂಪನಾಂಕದ ಮೇಲೆ ನಿಂತಿದೆ. ಕಂಪನಾಂಕ ಏರಿದಂತೆ ಬಾಗುವಿಕೆ ಕಡಿಮೆ. ಒಂದು ಮಿತಿಯನ್ನು ದಾಟಿದ ಮೇಲೆ ತರಂಗ ಬಾಗುವುದು ಸಾಲದೆ ಅಂತರಿಕ್ಷಕ್ಕೆ ಹೊರಟುಹೋಗುತ್ತದೆ. ನೂರು ಮೆಗಾಹರ್ಟ್ಸ್ ಆಸುಪಾಸಿನ ಮುಂಬಯಿಯ ಎಫ್‌ಎಂ ಕೇಂದ್ರಗಳು ಉಡುಪಿಯಲ್ಲಿ ಕೇಳಿಸದಿರುವುದಕ್ಕೂ, ಪುಣೆಯ ಹತ್ತಿರ ಖೋಡದದಲ್ಲಿರುವ ದೈತ್ಯ ರೇಡಿಯೊ ದೂರದರ್ಶಕ ಅಯಾನುಗೋಳವನ್ನು ದಾಟಿ ಬಂದ ನಕ್ಷತ್ರಲೋಕದ ಅಲೆಗಳನ್ನು ಹಿಡಿಯಲು ಸಾಧ್ಯವಾಗಿರುವುದಕ್ಕೂ ಇದೇ ಕಾರಣ. ಮೂರರಿಂದ ಮೂವತ್ತು ಮೆಗಾಹರ್ಟ್ಸ್ ನಡುವಿನ ಹ್ರಸ್ವ ತರಂಗಗಳು ಮಾತ್ರ ಮೇಲಕ್ಕೆ ಏರಿ, ಹೆಚ್ಚು ಬಲಗುಂದದೆ ಹಿಂದಿರುಗಿ ಬರುತ್ತವೆ. ಹಾಗೆ ಬಂದದ್ದು ನೆಲಕ್ಕೋ ಸಮುದ್ರಕ್ಕೋ ತಾಗಿ ಮತ್ತೆ ಮೇಲೇಳುತ್ತದೆ. ಎಲ್ಲಕ್ಕಿಂತ ಮೇಲಿನ ಎಫ್ ಪದರದಿಂದ ಒಂದು ಜಿಗಿತಕ್ಕೆ ಹೆಚ್ಚೆಂದರೆ ಸುಮಾರು 4,000 ಕಿಲೊಮೀಟರ್ ಸಾಗಬಹುದು, ಅದರ ಕೆಳಗಿನ ಇ ಪದರದಿಂದ ಸುಮಾರು 2,000. ಬುಕಾರೆಸ್ಟಿನಿಂದ ಇಲ್ಲಿಗೆ ಎರಡು ಜಿಗಿತ ಸಾಕು. ನಡುವೆ ಕಂಬವಿಲ್ಲ, ಕೇಬಲ್ ಇಲ್ಲ, ಉಪಗ್ರಹವೂ ಇಲ್ಲ.

ಇಂದಿಗೂ ನನ್ನನ್ನು ಬೆರಗುಗೊಳಿಸುವ ಸಂಗತಿಯೆಂದರೆ, ಈ ದಾರಿಯನ್ನು ಮನುಷ್ಯರು ಅದರ ಕಾರಣ ತಿಳಿಯುವ ಮೊದಲೇ ಬಳಸಿದ್ದು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕಳಿಸಿದ ಸಂಕೇತ ಅಟ್ಲಾಂಟಿಕ್‌ನ ಆಚೆ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೇಳಿಸಿತು. ಮರುವರ್ಷ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ, ಆಕಾಶದಲ್ಲಿ ವಿದ್ಯುತ್ ಹರಿಯಬಲ್ಲ ಪದರವೊಂದು ಇರಬೇಕೆಂದು ಊಹಿಸಿದರು. ಅದನ್ನು ಪ್ರಯೋಗದಿಂದ ತೋರಿಸಿಕೊಟ್ಟದ್ದು 1924ರಲ್ಲಿ, ಎಡ್ವರ್ಡ್ ಆ್ಯಪಲ್‌ಟನ್. ಅವರಿಗೆ 1947ರಲ್ಲಿ ನೊಬೆಲ್ ಬಂತು. ಈ ನಡುವೆ ಅಮೆರಿಕದಲ್ಲಿ 200 ಮೀಟರಿಗಿಂತ ಕಿರಿದಾದ ತರಂಗಗಳನ್ನು ಉಪಯೋಗವಿಲ್ಲದವೆಂದು ಬಗೆದು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದರು, ಮತ್ತು ಅದೇ ಹವ್ಯಾಸಿಗಳು 1923ರಲ್ಲಿ ಸುಮಾರು 110 ಮೀಟರಿನಲ್ಲಿ ಅಟ್ಲಾಂಟಿಕ್‌ನ ಎರಡೂ ದಡಗಳ ನಡುವೆ ಸಂಭಾಷಿಸಿ ತೋರಿಸಿದರು. ನಾಲ್ಕೇ ವರ್ಷಗಳಲ್ಲಿ, 1927ರಲ್ಲಿ, ಪುಣೆಯ ಖಡಕಿಯಲ್ಲಿ ಪ್ರಸಾರ ಕೇಂದ್ರವನ್ನೂ ದೌಂಡ್‌ನಲ್ಲಿ ಸಂಕೇತಗಳನ್ನು ಹಿಡಿಯುವ ಕೇಂದ್ರವನ್ನೂ ಇಟ್ಟುಕೊಂಡು ಭಾರತ ಮತ್ತು ಇಂಗ್ಲೆಂಡ್ ನಡುವೆ ಶಾರ್ಟ್‌ವೇವ್ ಟೆಲಿಗ್ರಾಂ ಸೇವೆ ಆರಂಭವಾಯಿತು. ಡೆಕ್ಕನ್ ಕ್ವೀನ್‌ನಲ್ಲಿ ಪುಣೆಗೆ ಹೋಗುವಾಗ ಖಡಕಿ ನಿಲ್ದಾಣದ ಹಲಗೆ ಕಂಡರೆ ನನಗೆ ನೆನಪಾಗುವುದು ಇದೇ.

ಸರಿ, ಹಾಗಾದರೆ ಕಪಾಟು ಸೇರಿದ ಆ ರೇಡಿಯೊಗಳಲ್ಲಿ ಏಕೆ ಏನೂ ಬರಲಿಲ್ಲ? ಮೂವರೂ ಹಗಲು ಹನ್ನೊಂದು ಗಂಟೆಗೆ 49 ಮೀಟರ್ ಬ್ಯಾಂಡ್ ತಿರುಗಿಸಿದ್ದರು, ಅಂದರೆ ಸುಮಾರು ಆರು ಮೆಗಾಹರ್ಟ್ಸ್ (ಬ್ಯಾಂಡಿನ ಹೆಸರಿನ ಮೀಟರು ತರಂಗದ ಉದ್ದ; ಅದು ಹೆಚ್ಚಿದಂತೆ ಕಂಪನಾಂಕ ಕಡಿಮೆ). ಅಯಾನುಗೋಳದ ಅತಿ ಕೆಳಗಿನ ಭಾಗವಾದ ಡಿ ಪದರ, ಅರವತ್ತರಿಂದ ತೊಂಬತ್ತು ಕಿಲೊಮೀಟರ್ ಎತ್ತರದಲ್ಲಿ, ಹಗಲಿನಲ್ಲಿ ಮಾತ್ರ ಹುಟ್ಟಿಕೊಳ್ಳುತ್ತದೆ. ಅಲ್ಲಿ ಗಾಳಿ ಇನ್ನೂ ದಟ್ಟ. ತರಂಗದ ಜೊತೆ ತೂಗಾಡುವ ಎಲೆಕ್ಟ್ರಾನುಗಳು ಮತ್ತೆಮತ್ತೆ ಅಣುಗಳಿಗೆ ಡಿಕ್ಕಿ ಹೊಡೆದು ತರಂಗದ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತವೆ, ಮತ್ತು ಕಂಪನಾಂಕ ಕಡಿಮೆಯಾದಷ್ಟೂ ಈ ನಷ್ಟ ಹೆಚ್ಚು. ಆದ್ದರಿಂದ ಹಗಲಿನಲ್ಲಿ ದೂರದ ಕೇಂದ್ರ ಬೇಕಾದವರು 19, 16, 13 ಮೀಟರ್ ಬ್ಯಾಂಡುಗಳಿಗೆ, ಅಂದರೆ 15ರಿಂದ 21 ಮೆಗಾಹರ್ಟ್ಸ್‌ಗೆ ಏರಬೇಕು. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನಲ್ಲೇ ಡಿ ಪದರದ ಎಲೆಕ್ಟ್ರಾನುಗಳು ಅಯಾನುಗಳೊಡನೆ ಮರಳಿ ಕೂಡಿಕೊಂಡು ಪದರವೇ ಕರಗಿಹೋಗುತ್ತದೆ. ಎಫ್ ಪದರದಲ್ಲಿ ಗಾಳಿ ತೀರಾ ವಿರಳವಾದ್ದರಿಂದ ಅಲ್ಲಿ ಕೂಡಿಕೆ ನಿಧಾನ. ಅದು ಸೊರಗುತ್ತಾದರೂ ರಾತ್ರಿಯಿಡೀ ಉಳಿಯುತ್ತದೆ. ಆಗ 41 ಮತ್ತು 49 ಮೀಟರ್ ಬ್ಯಾಂಡುಗಳು ತೆರೆದುಕೊಳ್ಳುತ್ತವೆ. ಬೆಳಗ್ಗೆ ಮತ್ತು ಸಂಜೆಯ ಹೊತ್ತಿಗೆ 31 ಮತ್ತು 25 ಮೀಟರ್ ಹಿತ. ಆ ಮೂವರಲ್ಲಿ ಒಬ್ಬರಿಗೆ ಅದೇ ರೇಡಿಯೊವನ್ನು, ಅದೇ ಬ್ಯಾಂಡಿನಲ್ಲಿ, ರಾತ್ರಿ ಒಂಬತ್ತಕ್ಕೆ ತಾರಸಿಯಲ್ಲಿ ಹಚ್ಚಿ ಕೊಟ್ಟಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ, ಚಕ್ರ ತಿರುಗಿಸುತ್ತಲೇ ಇದ್ದರು.

ಪಿಎಲ್-330ನ್ನು ನಾನು ಮೆಚ್ಚುವುದು ಮುಖ್ಯವಾಗಿ ಈ ವಿಷಯದಲ್ಲಿ. ಇದರ ಇಟಿಎಂ ಸೌಲಭ್ಯ ಬ್ಯಾಂಡುಗಳನ್ನು ತಾನೇ ಜಾಲಾಡಿ, ಸಿಕ್ಕ ಕೇಂದ್ರಗಳನ್ನು ದಿನದ ಗಂಟೆಗೊಂದು ಪಟ್ಟಿಯಂತೆ ಬೇರೆಬೇರೆಯಾಗಿ ಜೋಡಿಸಿಡುತ್ತದೆ. ಬೆಳಗ್ಗೆ ಏಳರ ಪಟ್ಟಿಗೂ ರಾತ್ರಿ ಎಂಟರ ಪಟ್ಟಿಗೂ ಸಂಬಂಧವೇ ಇರುವುದಿಲ್ಲ. ನಿನ್ನೆ ಇದೇ ಗಂಟೆಯಲ್ಲಿ ಏನು ಬಂದಿತ್ತೋ ಅದು ಇಂದೂ ಅದೇ ಗಂಟೆಗೆ ಕಣ್ಣ ಮುಂದೆ ಬರುತ್ತದೆ. ಆಕಾಶಕ್ಕೊಂದು ದಿನಚರಿ ಇದೆಯೆಂದು ಬಲ್ಲವರು ಮಾತ್ರ ಹೀಗೆ ರೂಪಿಸಬಲ್ಲರು.

ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ಐವತ್ತು ವರ್ಷ ಹೋಟೆಲ್ ನಡೆಸಿ ಈಗ ವಿಶ್ರಾಂತರು. ಒಂದು ಸಂಜೆ ತಾರಸಿಗೆ ಬಂದವರು ರೇಡಿಯೊ ನೋಡಿ ಮೊದಲು ಕೇಳಿದ ಪ್ರಶ್ನೆ, ‘ಮೇಷ್ಟ್ರೆ, ಇದ್ರಲ್ಲಿ ಸಿಲೋನ್ ಬರ್ತದಾ?’ ನಾವಿಬ್ಬರೂ ಹಳೆಯ ಜಾಗಗಳನ್ನೆಲ್ಲ ತಡಕಿದೆವು; ಆ ದಿನ ಸಿಗಲಿಲ್ಲ. ಆದರೆ ಕೊಲಂಬೊದ ರೇಡಿಯೊ ಸಿಲೋನ್ ಅಂದಿನ ಮುಂಬಯಿಗೆ ಅಷ್ಟು ಚೆನ್ನಾಗಿ ಏಕೆ ಕೇಳಿಸುತ್ತಿತ್ತೆಂದು ವಿವರಿಸಿದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತರು. ಕೊಲಂಬೊದಿಂದ ಮುಂಬಯಿಗೆ ಸುಮಾರು ಒಂದೂವರೆ ಸಾವಿರ ಕಿಲೊಮೀಟರ್, ಅಂದರೆ ಒಂದೇ ಜಿಗಿತ. ನಡುವೆ ನೆಲಕ್ಕೆ ತಾಗಿ ಬಲಗುಂದುವ ಪ್ರಮೇಯವೇ ಇಲ್ಲ. ಅಮೀನ್ ಸಯಾನಿಯವರ ಬುಧವಾರದ ಹಾಡಿನ ಕಾರ್ಯಕ್ರಮ ಇದೇ ಮುಂಬಯಿಯಲ್ಲಿ ಧ್ವನಿಮುದ್ರಣಗೊಂಡು, ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ಅಯಾನುಗೋಳದ ದಾರಿಯಲ್ಲಿ ಮತ್ತೆ ಮುಂಬಯಿಗೆ ಬರುತ್ತಿತ್ತು. ‘ಹೋದದ್ದು ವಿಮಾನದಲ್ಲಿ, ಬಂದದ್ದು ಆಕಾಶದಲ್ಲಿ ಅಂತಾಯ್ತು’ ಎಂದರು ಅವರು. ಬುಧವಾರ ರಾತ್ರಿ ಎಂಟಕ್ಕೆ ತಮ್ಮ ಹೋಟೆಲಿನ ಗಲ್ಲೆಯ ಮೇಲಿದ್ದ ರೇಡಿಯೊದ ಸುತ್ತ ಚಹಾ ಆರಿಹೋಗುವ ತನಕ ಜನ ನಿಲ್ಲುತ್ತಿದ್ದುದನ್ನು ಆಮೇಲೆ ಹೇಳಿದರು.

ಹತ್ತಿರವಿದ್ದಷ್ಟೂ ಚೆನ್ನಾಗಿ ಕೇಳಿಸುತ್ತದೆ ಎಂದು ಇದರಿಂದ ತಿಳಿಯಬಾರದು. ನೆಲಕ್ಕೆ ಅಂಟಿ ಸಾಗುವ ತರಂಗ ಕೆಲವು ಹತ್ತು ಕಿಲೊಮೀಟರಿನಲ್ಲೇ ಸೋತುಹೋಗುತ್ತದೆ. ಮೇಲಕ್ಕೆ ಹೋದದ್ದು ಬಾಗಿ ಇಳಿಯುವುದು ನೂರಾರು ಕಿಲೊಮೀಟರ್ ಆಚೆ. ನಡುವಿನ ಉಂಗುರದಂಥ ಪ್ರದೇಶದಲ್ಲಿ ಆ ಕೇಂದ್ರ ಇಲ್ಲವೇ ಇಲ್ಲ ಎಂಬಷ್ಟು ಮೌನ. ಇದನ್ನು ನಾನು ಕಿವಿಯಾರೆ ತಿಳಿದದ್ದು ಪುಣೆಯ ಕೋಥ್ರೂಡ್‌ನಲ್ಲಿರುವ ತಂಗಿಯ ಮನೆಯಲ್ಲಿ. ಆಗ್ನೇಯ ಏಷ್ಯಾ ಮತ್ತು ಭಾರತದ ಹಲವು ವಿಮಾನ ನಿಲ್ದಾಣಗಳು ಪೈಲಟ್‌ಗಳಿಗಾಗಿ 11387 ಕಿಲೊಹರ್ಟ್ಸ್‌ನಲ್ಲಿ ಸರದಿಯ ಮೇಲೆ ಹವಾಮಾನ ಓದುತ್ತವೆ. ಮುಂಬಯಿಯೂ ಸಿಂಗಪುರವೂ ಅದರಲ್ಲಿವೆ. ನಸುಕಿನ ಐದು ಗಂಟೆಗೆ ಸುಮಾರು 3,800 ಕಿಲೊಮೀಟರ್ ದೂರದ ಸಿಂಗಪುರ ಸ್ವಚ್ಛವಾಗಿ ಕೇಳಿಸಿತು. ನೂರಿಪ್ಪತ್ತು ಕಿಲೊಮೀಟರ್ ದೂರದ ಮುಂಬಯಿಯ ಸರದಿ ಬಂದಾಗ ಬರೀ ಗಾಳಿಯ ಸದ್ದು. ಅದೇ ದಿನ ಮಧ್ಯಾಹ್ನ, ಎಫ್ ಪದರ ತುಂಬಿ ಬಲವಾದಾಗ, ನೆತ್ತಿಯ ಮೇಲಿಂದಲೇ ತರಂಗ ಮರಳಿ ಇಳಿದು ಮುಂಬಯಿಯೂ ಬಂತು. ಈ ಪ್ರಸಾರಗಳನ್ನು ಕೇಳಲು ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್) ಎಂಬ ಬೇರೆ ಬಗೆಯ ಪ್ರಸಾರವನ್ನು ಬಿಡಿಸುವ ಸೌಲಭ್ಯ ಬೇಕು. ಅಗ್ಗದ ರೇಡಿಯೊಗಳಲ್ಲಿ ಅದು ಇರುವುದಿಲ್ಲ, ಇದರಲ್ಲಿ ಇದೆ, ಮತ್ತು ಚಕ್ರವನ್ನು ಒಂದಿಷ್ಟೇ ತಿರುಗಿಸಿ ಬಾತುಕೋಳಿಯ ದನಿಯನ್ನು ಮನುಷ್ಯರ ದನಿಯಾಗಿ ಮಾಡುವಷ್ಟು ನಯವಾಗಿದೆ. ಬೆಳಗ್ಗೆ ಏಳು ಮೆಗಾಹರ್ಟ್ಸ್‌ನ ಹತ್ತಿರ ನಮ್ಮ ದೇಶದ ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು, ಒಬ್ಬರನ್ನೊಬ್ಬರು ಕುಶಲ ಕೇಳುವುದೂ ಹೀಗೆಯೇ ಸಿಗುತ್ತದೆ.

ಹೊಸದಾಗಿ ಕೊಂಡವರಿಗೆ ಒಂದು ಉಪಾಯ. 5 ಮತ್ತು 10 ಮೆಗಾಹರ್ಟ್ಸ್‌ನಲ್ಲಿ ಚೀನಾದ ಬಿಪಿಎಂ ಎಂಬ ಕಾಲಸೂಚಕ ಕೇಂದ್ರ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿರುತ್ತದೆ; ಹಗಲಿನ ಕೆಲವು ಗಂಟೆಗಳಲ್ಲಿ 15 ಮೆಗಾಹರ್ಟ್ಸ್‌ನಲ್ಲೂ ಇರುತ್ತದೆ. ಕೇಂದ್ರ ಒಂದೇ, ದೂರ ಒಂದೇ, ಸುಮಾರು 4,000 ಕಿಲೊಮೀಟರ್. ಈ ಮೂರರಲ್ಲಿ ಯಾವುದು ಗಟ್ಟಿಯಾಗಿ ಕೇಳಿಸುತ್ತದೆಂದು ನೋಡಿದರೆ ಆ ಗಳಿಗೆಯಲ್ಲಿ ಆಕಾಶ ಯಾವ ಬ್ಯಾಂಡಿಗೆ ದಾರಿ ಬಿಟ್ಟಿದೆ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ದನಿ ಏರಿಳಿಯುವುದನ್ನು ಕೆಲವರು ರೇಡಿಯೊದ ದೋಷವೆಂದು ತಿಳಿಯುತ್ತಾರೆ. ಒಂದೇ ತರಂಗ ಎರಡು ಮೂರು ದಾರಿಗಳಲ್ಲಿ ಬಂದು, ಒಮ್ಮೆ ಒಂದಕ್ಕೊಂದು ಕೂಡಿ, ಮತ್ತೊಮ್ಮೆ ಒಂದನ್ನೊಂದು ಕಳೆಯುವುದರಿಂದ ಹಾಗಾಗುತ್ತದೆ. ನಮ್ಮ ಆಕಾಶಕ್ಕೆ ಇನ್ನೂ ಒಂದು ವಿಶೇಷವಿದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಮೇಲೆ ಹಾದುಹೋಗುತ್ತದೆ. ಹಗಲಿನಲ್ಲಿ ಅಲ್ಲಿಂದ ಎಲೆಕ್ಟ್ರಾನುಗಳು ಕಾರಂಜಿಯಂತೆ ಮೇಲೆದ್ದು ಕಾಂತರೇಖೆಗಳ ಗುಂಟ ಉತ್ತರ ದಕ್ಷಿಣಗಳಿಗೆ ಇಳಿಯುವುದರಿಂದ, ಗುಜರಾತ್, ಮಧ್ಯಪ್ರದೇಶಗಳ ಮೇಲೆ ಅಯಾನುಗೋಳ ಅತಿ ದಟ್ಟವಾಗಿರುತ್ತದೆ. ಸೂರ್ಯಾಸ್ತದ ಬಳಿಕ, ಮುಖ್ಯವಾಗಿ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಇದೇ ಪ್ರದೇಶದಲ್ಲಿ ಎಲೆಕ್ಟ್ರಾನು ವಿರಳವಾದ ಗುಳ್ಳೆಗಳು ಎದ್ದು ದೂರದ ದನಿ ಗಡಗಡ ನಡುಗುತ್ತದೆ. ಇವನ್ನು ಅಧ್ಯಯನ ಮಾಡುವ ಭಾರತೀಯ ಭೂಕಾಂತತ್ವ ಸಂಸ್ಥೆ ಇರುವುದು ಇಲ್ಲೇ ನವಿ ಮುಂಬಯಿಯ ಪನ್ವೇಲಿನಲ್ಲಿ ಎಂಬುದು ಮುಂಬಯಿಯ ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದು.

ಒಂದು ಮಧ್ಯಾಹ್ನ 17 ಮೆಗಾಹರ್ಟ್ಸ್‌ನಲ್ಲಿ ಸುದ್ದಿ ಕೇಳುತ್ತಿದ್ದಾಗ ದನಿ ಒಂದೆರಡು ನಿಮಿಷದಲ್ಲಿ ಅಡಗಿಹೋಯಿತು. ಕೆಳಗಿನ ಬ್ಯಾಂಡುಗಳೂ ಖಾಲಿ. ಬ್ಯಾಟರಿ ತೆಗೆದು ಹಾಕಿದೆ, ತಂತಿಯ ಗಂಟುಗಳನ್ನು ಪರೀಕ್ಷಿಸಿದೆ. ಸುಮಾರು ಮುಕ್ಕಾಲು ಗಂಟೆಯ ಮೇಲೆ ಮೊದಲು ಮೇಲಿನ ಬ್ಯಾಂಡುಗಳು, ಆಮೇಲೆ ಕೆಳಗಿನವು, ಒಂದೊಂದಾಗಿ ಮರಳಿದವು. ಸೌರಜ್ವಾಲೆಯ ಕ್ಷ-ಕಿರಣಗಳು ಎಂಟು ನಿಮಿಷದಲ್ಲಿ ಭೂಮಿಯನ್ನು ತಲುಪಿ, ಹಗಲಿರುವ ಭಾಗದ ಡಿ ಪದರವನ್ನು ಒಮ್ಮೆಲೇ ದಟ್ಟಗೊಳಿಸಿದಾಗ ನಡೆಯುವುದು ಸರಿಯಾಗಿ ಹೀಗೆಯೇ. ಸೂರ್ಯನ ಹನ್ನೊಂದು ವರ್ಷಗಳ ಆವರ್ತದಲ್ಲಿ ಚಟುವಟಿಕೆ ಉತ್ತುಂಗಕ್ಕೇರಿದ್ದು 2024ರಲ್ಲಿ. ಇಂಥ ವರ್ಷಗಳಲ್ಲಿ ಮೇಲಿನ ಬ್ಯಾಂಡುಗಳು ಸೊಗಸಾಗಿ ತೆರೆದಿರುತ್ತವೆ, ಮತ್ತು ಹೀಗೆ ಹಠಾತ್ತಾಗಿ ಮುಚ್ಚುವ ಗಳಿಗೆಗಳೂ ಹೆಚ್ಚು. ಸೂರ್ಯನ ಇಂಥ ಉಪಟಳವನ್ನು ಅಳೆದು ಬರೆದಿಟ್ಟ ಊರುಗಳಲ್ಲಿ ಮುಂಬಯಿ ಹಳೆಯದು: 1859ರ ಸೆಪ್ಟೆಂಬರಿನ ಮಹಾ ಕಾಂತಬಿರುಗಾಳಿ ಕೊಲಾಬಾದ ವೀಕ್ಷಣಾಲಯದಲ್ಲಿ ದಾಖಲಾಗಿದೆ. ಮುಂದೆ ನಗರದಲ್ಲಿ ವಿದ್ಯುತ್ ಟ್ರಾಮುಗಳು ಓಡುವುದೆಂದು ನಿರ್ಧಾರವಾದಾಗ, ಅವುಗಳ ವಿದ್ಯುತ್ತು ಅಳತೆಯನ್ನು ಕೆಡಿಸುವುದೆಂದು 1904ರಲ್ಲಿ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯವನ್ನು ತೆರೆಯಬೇಕಾಯಿತು.

ಟ್ರಾಮು ಹೋದವು, ತೊಂದರೆ ಉಳಿದಿದೆ. ಎಲ್‌ಇಡಿ ದೀಪಗಳ, ಚಾರ್ಜರ್‌ಗಳ, ಲಿಫ್ಟಿನ ಮೋಟಾರಿನ ವಿದ್ಯುತ್ ಗದ್ದಲ ಇಂದಿನ ಫ್ಲ್ಯಾಟುಗಳೊಳಗೆ ಶಾರ್ಟ್‌ವೇವ್‌ನ ಕತ್ತು ಹಿಸುಕುತ್ತದೆ. ಕಬ್ಬಿಣದ ಸರಳು ತುಂಬಿದ ಗೋಡೆಗಳು ತರಂಗವನ್ನು ತಡೆದರೆ, ಒಳಗಿನ ಉಪಕರಣಗಳು ತಮ್ಮದೇ ಸದ್ದು ತುಂಬುತ್ತವೆ. ಮೇ ತಿಂಗಳ ಒಂದು ರಾತ್ರಿ ಇಡೀ ಬಡಾವಣೆಯ ಕರೆಂಟು ಹೋದಾಗ ನಾನು ಹಾಸಿಗೆಯ ಪಕ್ಕದಲ್ಲೇ ರೇಡಿಯೊ ಹಚ್ಚಿದ್ದೆ. ಫ್ಯಾನು ನಿಲ್ಲುವ ಮೊದಲೇ ಗೊರಗೊರ ನಿಂತುಹೋಯಿತು. ಕತ್ತಲಲ್ಲಿ ರೊಮೇನಿಯಾದ ಹೆಣ್ಣುದನಿಯೊಂದು, ಪಕ್ಕದ ಕೋಣೆಯಿಂದ ಬಂದಂತೆ, ಉಸಿರು ತೆಗೆದುಕೊಳ್ಳುವುದೂ ಕೇಳುವಷ್ಟು ತಿಳಿಯಾಗಿ ಬಂತು. ಕರೆಂಟು ಮರಳಿದಾಗ ಅದು ಮತ್ತೆ ಮುಳುಗಿತು.

ಆದ್ದರಿಂದ ಈ ರೇಡಿಯೊ ಕೊಳ್ಳುವವರು ಹತ್ತು ಮೀಟರ್ ಸಾದಾ ತಾಮ್ರದ ತಂತಿಯನ್ನೂ ಕೊಳ್ಳಲಿ. ಸೊಸೈಟಿಯ ಕಾರ್ಯದರ್ಶಿಯ ಒಪ್ಪಿಗೆ ಪಡೆದು ನಾನು ನೀರಿನ ಟಾಂಕಿಯಿಂದ ಎದುರಿನ ಕಂಬಕ್ಕೆ ತಂತಿ ಕಟ್ಟಿ, ಅದರ ತುದಿಯನ್ನು ರೇಡಿಯೊದ ಪಕ್ಕದ 3.5 ಮಿಲಿಮೀಟರ್ ಕಿಂಡಿಗೆ ಕೊಟ್ಟಿದ್ದೇನೆ. ಸರಳಿನ ಆ್ಯಂಟೆನಾದಲ್ಲಿ ಪಿಸುಗುಟ್ಟುತ್ತಿದ್ದ ಕೇಂದ್ರ ಇದರಲ್ಲಿ ಮಾತಾಡುತ್ತದೆ. ಇನ್ನೂ ಉದ್ದವಾದರೆ ಒಳ್ಳೆಯದೆಂದು ಮೂವತ್ತು ಮೀಟರ್ ಎಳೆಯಬೇಡಿ. ಈ ಗಾತ್ರದ ಯಾವುದೇ ರೇಡಿಯೊ ಅಷ್ಟು ಬಲವನ್ನು ತಾಳಲಾರದೆ ಒಂದು ಕೇಂದ್ರದ ಮೇಲೆ ಇನ್ನೊಂದನ್ನು ಹೇರುತ್ತದೆ.

ಇಂದು ಕೇಳಲು ಏನು ಉಳಿದಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ರೇಡಿಯೊ ಆಸ್ಟ್ರೇಲಿಯಾ 2017ರಲ್ಲಿ ಶಾರ್ಟ್‌ವೇವ್ ನಿಲ್ಲಿಸಿತು. ಬಿಬಿಸಿಯ ಹಿಂದಿ ಪ್ರಸಾರ 2020ರ ಜನವರಿ 31ರಂದು ಮುಗಿಯಿತು. ಆ ದಿನದ ಬೇಸರ ನನ್ನಲ್ಲಿ ಇನ್ನೂ ಹೋಗಿಲ್ಲ. ಆದರೂ ಬಿಬಿಸಿಯ ಇಂಗ್ಲಿಷ್ ಇದೆ, ರೊಮೇನಿಯಾ, ಚೀನಾ, ಜಪಾನ್ ಇವೆ, ವಿಮಾನಗಳೂ ಹ್ಯಾಮ್‌ಗಳೂ ಇದ್ದಾರೆ. ಕನ್ನಡದ ಕಾರ್ಯಕ್ರಮಕ್ಕಾಗಿ ಇದನ್ನು ಕೊಳ್ಳಬೇಡಿ, ನಿರಾಶೆಯಾದೀತು. ಬರೀ ಹಾಡು ಬೇಕಾದವರಿಗೆ ಫೋನು ಸಾಕು. ದೂರದಿಂದ ಬಂದದ್ದನ್ನು ಹುಡುಕಿ ಹಿಡಿಯುವ ಆಸೆಯಿರುವವರಿಗೆ, ಹೈಸ್ಕೂಲಿನ ಮಕ್ಕಳಿಗೆ ಭೌತಶಾಸ್ತ್ರವನ್ನು ಕಿವಿಯಲ್ಲಿ ಕೇಳಿಸಬೇಕೆನ್ನುವ ಅಧ್ಯಾಪಕರಿಗೆ ಈ ಬೆಲೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ.

ಬ್ಯಾಟರಿಯನ್ನು ಕೇಳದಿರುವ ಹೊತ್ತಿನಲ್ಲಿ ಚಾರ್ಜ್ ಮಾಡಿಕೊಳ್ಳಿ, ಕೇಳುವಾಗ ಚಾರ್ಜರ್ ಕಿತ್ತಿಡಿ. ಅದರ ಸದ್ದೇ ಅರ್ಧ ಕೇಂದ್ರಗಳನ್ನು ನುಂಗುತ್ತದೆ. ಮೇ ಕೊನೆಯ ವಾರದಲ್ಲಿ ಸಹ್ಯಾದ್ರಿಯ ಕಡೆ ಮಿಂಚು ಕಾಣಿಸತೊಡಗಿದರೆ 49 ಮೀಟರಿನಲ್ಲಿ ಅದು ಕಟಕಟನೆ ಮೊದಲೇ ಕೇಳಿಸುತ್ತದೆ. ಆಗ ತಂತಿಯನ್ನು ರೇಡಿಯೊದಿಂದ ಬಿಡಿಸಿ, ಕಂಬದಿಂದ ಇಳಿಸಿ, ಸುತ್ತಿ ಒಳಗಿಡಿ.